ಸದ್ದು ಮಾಡದ ಟ್ಯಾಪೆಟ್

ಸಣ್ಣ ಟ್ರ್ಯಾಕ್ಟರಿನ ಎಂಜಿನ್ 'ಟಿಕ್ ಟಿಕ್' ಅಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಲೂಸ್ ಆಗಿದೆ, ಸೆಟ್ಟಿಂಗ್ ಮಾಡಿಸಬೇಕು ಅನ್ನುತ್ತಾರೆ. ಅದು ಸರಿಯೇ. ಆದರೆ ನನ್ನನ್ನು ಕೇಳಿದರೆ, ಹೆಚ್ಚು ಹೆದರಬೇಕಾದ್ದು ಆ ಸಂದು ತೀರಾ ಕಿರಿದಾಗಿ ಸದ್ದೇ ಮಾಡದ ಟೈಟ್ ಟ್ಯಾಪೆಟ್‌ಗೆ.

ವಾಲ್ವ್ ಅಂದರೆ ಸಿಲಿಂಡರಿನ ಬಾಗಿಲು. ಒಂದು ಗಾಳಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಕಳಿಸುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವ್ 1000 ಸಲ ತೆರೆದು ಮುಚ್ಚುತ್ತದೆ. ಎಂಜಿನ್ ಜೊತೆ ತಿರುಗುವ ಕ್ಯಾಮ್ ಶಾಫ್ಟ್ ಎಂಬ ದಂಡದ ಉಬ್ಬು ಪುಶ್ ರಾಡ್ ಎಂಬ ಕಡ್ಡಿಯನ್ನು ಮೇಲೆತ್ತುತ್ತದೆ. ಏತದ ಹಾಗೆ ಆಡುವ ರಾಕರ್ ಆರ್ಮ್ ಇನ್ನೊಂದು ತುದಿಯಲ್ಲಿ ವಾಲ್ವನ್ನು ಒತ್ತುತ್ತದೆ. ಈ ರಾಕರ್‌ಗೂ ವಾಲ್ವಿಗೂ ನಡುವೆ ಬೇಕಂತಲೇ ಒಂದು ಸಂದು ಬಿಟ್ಟಿರುತ್ತಾರೆ. ಸಣ್ಣ ಡೀಸೆಲ್ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಎರಡು ಮೂರು ಕೂದಲೆಳೆಯಷ್ಟು ಅನ್ನಿ.

ಇಷ್ಟು ಚೂರು ಜಾಗ ಯಾಕೆ? ಕಾದ ಲೋಹ ಹಿಗ್ಗುತ್ತದೆ, ಅದಕ್ಕೆ. 100 ಮಿ.ಮೀ. ಉದ್ದದ ಉಕ್ಕಿನ ಕಡ್ಡಿ 100 ಡಿಗ್ರಿ ಜಾಸ್ತಿ ಕಾದರೆ ಸುಮಾರು 0.12 ಮಿ.ಮೀ. ಬೆಳೆಯುತ್ತದೆ. ವಾಲ್ವುಗಳನ್ನು ಹೊತ್ತ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಕೂಡ ಹಿಗ್ಗುತ್ತದೆ, ನಿಜ. ಆದರೆ ಬೆಂಕಿಗೆ ಮುಖ ಕೊಟ್ಟು ನಿಂತ ವಾಲ್ವ್ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಬೆಳೆಯಲು ಜಾಗ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಅಲ್ಲಿಂದ ಕೆಲಸ ಕೆಡುತ್ತದೆ. ವಾಲ್ವ್ ತನ್ನ ಶಾಖದ ಹೆಚ್ಚಿನ ಪಾಲನ್ನು ಸೀಟಿನ ಮೇಲೆ, ಅಂದರೆ ಮುಚ್ಚಿದಾಗ ಅದರ ಅಂಚು ತಾಗುವ ಉಂಗುರದ ಮೇಲೆ, ಕೂತಾಗಲೇ ಇಳಿಸಿಕೊಳ್ಳುವುದು. ಕೂರಲಾಗದ ವಾಲ್ವ್ ತಣಿಯುವುದೂ ಇಲ್ಲ. ಪೂರ್ತಿ ಮುಚ್ಚದ ಬಾಗಿಲಿನಿಂದ ನುಗ್ಗುವ ಬಿಸಿ ಹೊಗೆ ಅದರ ಅಂಚನ್ನೇ ಸುಡುತ್ತದೆ. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವ ಬಿಗಿ) ಇಳಿಯುತ್ತದೆ, ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸೀಟು ಸವೆದಂತೆಲ್ಲ ವಾಲ್ವ್ ಹೆಡ್‌ನೊಳಕ್ಕೆ ಸರಿದು ರಾಕರಿನ ಬಳಿಯ ಸಂದು ತಾನಾಗೇ ಕಿರಿದಾಗುತ್ತದೆ. ಇಷ್ಟಾದರೂ ಸದ್ದು ಇರುವುದಿಲ್ಲ!

ಸೆಟ್ಟಿಂಗ್ ದೊಡ್ಡ ವಿದ್ಯೆಯೇನಲ್ಲ. ಮ್ಯಾನುಯಲ್ ಬೇರೆ ಹೇಳದಿದ್ದರೆ ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು. ಪಿಸ್ಟನ್ ಕಂಪ್ರೆಷನ್ನಿನ ತುದಿಗೆ (ಎರಡೂ ವಾಲ್ವ್ ಮುಚ್ಚಿದ್ದು, ಪಿಸ್ಟನ್ ಪೂರ್ತಿ ಮೇಲಿರುವ ಘಟ್ಟಕ್ಕೆ) ಬರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಎಡವುವುದು ಇಲ್ಲೇ. ವಾಲ್ವುಗಳು ಒಮ್ಮೆ ತೆರೆದು ಮುಚ್ಚುವ ಎರಡು ಸುತ್ತಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಆಚೀಚೆ ಕೊಂಚ ತಿರುಗಿಸಿದಾಗ ಆ ಸಿಲಿಂಡರಿನ ರಾಕರ್‌ಗಳು ಅಲುಗಾಡಿದರೆ ಅದು ತಪ್ಪು ಸಲ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಆಮೇಲೆ ಮ್ಯಾನುಯಲ್ ಹೇಳಿದ ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಬ್ಲೇಡ್) ಆ ಸಂದಿನಲ್ಲಿ ತೂರಿಸಿ, ಅದು ತುಸು ಬಿಗಿಯಾಗಿ ಜಾರುವಷ್ಟಕ್ಕೆ ರಾಕರಿನ ಸ್ಕ್ರೂ ತಿರುಗಿಸಿ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಕದಲುತ್ತದೆ. ಹಾಗಾಗಿ ಇನ್ನೊಮ್ಮೆ ಅಳೆಯಲೇಬೇಕು.

ಗೇಜ್ ಸರಿ ತೋರಿಸಿದರೂ ಟಿಕ್ ಟಿಕ್ ನಿಲ್ಲದಿದ್ದರೆ ಸುಮ್ನೆ ಇನ್ನಷ್ಟು ಟೈಟ್ ಮಾಡಿಬಿಡುವವರಿದ್ದಾರೆ. ರಾಕರ್ ಬಿಚ್ಚಿ ಅದರ ಮುಖ ನೋಡಿ. ವಾಲ್ವಿಗೆ ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿರಬಹುದು. ಗೇಜಿನ ಬ್ಲೇಡ್ ಗುಳಿಯೊಳಗೆ ಇಳಿಯದೆ ಅದರ ಅಂಚುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಬ್ಲೇಡ್ 0.20 ಅನ್ನುತ್ತದೆ, ನಿಜವಾದ ಸಂದು ಅದಕ್ಕಿಂತ ಜಾಸ್ತಿಯೇ ಇರುತ್ತದೆ.