ಕಣಕುಂಬಿಯ ಥಂಡಿಗೆ ಯಾವ ಹೀಟರ್?

ತಮ್ಮ ಕಣಕುಂಬಿ ಹತ್ತಿರ ಎರಡು ಕೋಣೆಯ ಹಂಚಿನ ಮನೆ ಕಟ್ಟಿಸಿದ್ದಾನೆ. ಮಲಪ್ರಭೆ ಹುಟ್ಟುವ ಜಾಗ, ಸುಮಾರು 790 ಮೀಟರ್ ಎತ್ತರ, ಸುತ್ತಲೂ ಖಾನಾಪುರದ ಕಾಡು. ಡಿಸೆಂಬರ್‌ನಲ್ಲಿ ಫೋನ್ ಮಾಡಿದ. "ಅಣ್ಣಾ, ಸಸ್ತಾದಾಗ ಒಂದು ಹೀಟರ್ ಹೇಳು. ರಾತ್ರಿ ಥಂಡಿ ತಡ್ಕೊಳ್ಳಾಕ ಆಗವಲ್ದು."

ನಾನು ಕೋಣೆಯ ಅಳತೆ ಕೇಳಿದೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಅಷ್ಟರಲ್ಲಿ ಹಿಡಿಯುವ ಗಾಳಿಯ ತೂಕ ಸುಮಾರು 37 ಕಿಲೋ. ಅದನ್ನು 10 ಡಿಗ್ರಿ ಬಿಸಿ ಮಾಡಲು ಕರೆಂಟು ಎಷ್ಟು ಬೇಕು ಗೊತ್ತಾ? ಒಂದು ಯೂನಿಟ್‌ನಲ್ಲಿ ಹತ್ತನೇ ಒಂದು ಪಾಲು! ಸಾವಿರ ವ್ಯಾಟ್‌ನ ಹೀಟರ್‌ಗೆ ಆರೇಳು ನಿಮಿಷದ ಕೆಲಸ. ಆದರೂ ರಾತ್ರಿಯೆಲ್ಲ ಹೀಟರ್ ಉರಿಸಿದವರು ನಡುಗುತ್ತಲೇ ಏಳುತ್ತಾರೆ.

ತಪ್ಪು ಹಂಚಿನದು. ಬಿಸಿ ಗಾಳಿ ಹಗುರ. ಮೇಲೇರಿ ಹಂಚಿನ ಸಂದಿಯಿಂದ ನುಸುಳಿ ಹೋಗುತ್ತದೆ, ಅದರ ಜಾಗಕ್ಕೆ ಬಾಗಿಲ ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಉಳಿದದ್ದನ್ನು ಗೋಡೆ, ನೆಲ ಕುಡಿಯುತ್ತವೆ. ತೂತು ಕೊಡಕ್ಕೆ ನೀರು ಹೊತ್ತ ಹಾಗೆ, ಅಲ್ವಾ? ಹೀಟರ್‌ಗೆ ಇಟ್ಟ ದುಡ್ಡಲ್ಲಿ ಮೊದಲು ಹಲಗೆಯ ಅಟ್ಟ ಹಾಕಿಸು ಎಂದೆ.

ಅಂಗಡಿಯಲ್ಲಿ ಎಣ್ಣೆ ತುಂಬಿದ ಹೀಟರ್ ತೋರಿಸಿ, ಇದು ಜಾಸ್ತಿ ಬಿಸಿ ಕೊಡುತ್ತದೆ ಅನ್ನುತ್ತಾರೆ. ಸುಳ್ಳು. ಕಾಯಿಲ್ ಇರಲಿ, ಎಣ್ಣೆ ಇರಲಿ, ಒಂದು ಯೂನಿಟ್ ಕರೆಂಟಿಗೆ ಸಿಗುವುದು ಒಂದು ಯೂನಿಟ್ ಬಿಸಿಯೇ. ಈ ಲೆಕ್ಕ ಮೀರುವುದು ಬಿಸಿಯನ್ನೂ ಕೊಡುವ ಎಸಿ ಮಾತ್ರ. ಅದು ಬಿಸಿ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನೇ ಒಳಗೆ ಸಾಗಿಸುತ್ತದೆ. ಹಾಗಾಗಿ ಒಂದು ಯೂನಿಟ್‌ಗೆ ಸುಮಾರು ಮೂರರಷ್ಟು ಕೊಡಬಲ್ಲದು. ನಮ್ಮ ಘಟ್ಟದ ಚಳಿ ಹಿಮ ಬೀಳುವಂಥದ್ದಲ್ಲ, ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಕೊಳ್ಳುವಾಗಲೇ ಕಿಸೆ ಖಾಲಿ, ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಅದೂ ಸುಮ್ನೆ.

ಕಟ್ಟಿಗೆ? ಒಣಗಿದ ಒಂದು ಕಿಲೋದಲ್ಲಿ ನಾಲ್ಕು ಯೂನಿಟ್‌ನಷ್ಟು ಬಿಸಿ ಇದೆ. ಹಸಿ ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್‌ನ ಹತ್ತಿರ ನುಂಗುತ್ತದೆ, ನಮಗೆ ಹೊಗೆ ಬಿಡುತ್ತದೆ. ಒಲೆಗೆ ಚಿಮಣಿ ಬೇಕೇ ಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ನನಗೆ ಮೆಚ್ಚುಗೆಯಾದದ್ದು ಬಿಸಿನೀರಿನ ರಬ್ಬರ್ ಚೀಲ. ಎರಡು ಲೀಟರ್ ನೀರು 70 ಡಿಗ್ರಿಯಿಂದ 30ಕ್ಕೆ ಇಳಿಯುವಾಗ ಬಿಡುವ ಬಿಸಿ, ಆ ಇಡೀ ಕೋಣೆಯ ಗಾಳಿಗೆ ಬೇಕಾದಷ್ಟೇ! ಅದೆಲ್ಲ ಹಾಸಿಗೆಯೊಳಗೇ ಉಳಿಯುತ್ತದೆ, ಮೇಲೆ ಕೌದಿ ಇದ್ದರೆ. ಹಳೆ ಸೀರೆಯ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ.

ಅವ್ವ ಹೊಲಿದ ಎರಡು ಕೌದಿ ಕಳಿಸಿದ್ದೇನೆ. ಅಟ್ಟಕ್ಕೆ ಬಡಿಗೇರರು ಮುಂದಿನ ವಾರ ಬರುತ್ತಾರಂತೆ.