ಅಕಾಗಿ ಬೆಟ್ಟದ ಚಿನ್ನ: ಖಾಲಿ ಬೊಕ್ಕಸದಿಂದ ಹುಟ್ಟಿದ ನಿಧಿ

ಜಪಾನಿನ ಗುನ್ಮಾ ಪ್ರಾಂತ್ಯದ ಮಕ್ಕಳು ಚಳಿಗಾಲದಲ್ಲಿ ಒಂದು ಎಲೆಯಾಟ, ಅಂದರೆ ಕಾರ್ಡಿನ ಆಟ, ಆಡುತ್ತಾರೆ. ನೆಲದ ಮೇಲೆ ಚಿತ್ರದ ಎಲೆಗಳನ್ನು ಹರಡಿರುತ್ತಾರೆ. ಒಬ್ಬರು ಸಾಲು ಓದಿದ ತಕ್ಷಣ ಅದಕ್ಕೆ ಹೊಂದುವ ಎಲೆಯ ಮೇಲೆ ಮಿಕ್ಕವರೆಲ್ಲ ಕೈ ಬಡಿಯಬೇಕು. 1947ರಲ್ಲಿ ಹೊರಬಂದ ಈ ಎಲೆಗಳಲ್ಲಿ ಊರು, ನದಿ, ದೊಡ್ಡವರು ಎಲ್ಲ ಇದ್ದಾರೆ. ಒಂದು ಎಲೆಯ ಸಾಲು ಹೀಗಿದೆ: ‘ಸೆರಗು ಉದ್ದ, ಅಕಾಗಿ ಬೆಟ್ಟ’. ದೂರದಿಂದ ನೋಡಿದರೆ ನಿಜಕ್ಕೂ ಹಾಗೇ ಕಾಣುತ್ತದೆ. ನಡುವೆ ಒಂದಷ್ಟು ಶಿಖರಗಳು, ಅವುಗಳಿಂದ ಎರಡೂ ಕಡೆಗೆ ಮೈಲುಗಟ್ಟಲೆ ಇಳಿಜಾರು. ಆ ಸೆರಗಿನ ಯಾವುದೋ ಮಡಿಕೆಯಲ್ಲಿ, ಚಕ್ರವರ್ತಿಯ ಹೆಸರಲ್ಲಿ ಜಪಾನನ್ನು ಆಳಿದ ಸೇನಾ ದೊರೆಗಳಾದ ತೊಕುಗಾವಾ ಶೋಗನ್ನರ ಚಿನ್ನವಿದೆ ಎಂದು ನಂಬಿ ಜನ ನೂರು ವರ್ಷಕ್ಕೂ ಹೆಚ್ಚು ಕಾಲ ಅಗೆದಿದ್ದಾರೆ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತೇವಲ್ಲ, ಇಲ್ಲಿ ಇಲಿಯೂ ಸಿಕ್ಕಿಲ್ಲ.

ಅಕಾಗಿ ಹಳೆಯ ಜ್ವಾಲಾಮುಖಿ. ಅದರ ಎತ್ತರದ ಶಿಖರ ಕುರೊಬಿ, 1,828 ಮೀಟರ್. ಮೇಲಿನ ತಗ್ಗಿನಲ್ಲಿ ಒನುಮಾ ಎಂಬ ಸರೋವರ, ಅದರೊಳಕ್ಕೆ ಚಾಚಿದ ನೆಲದ ಮೇಲೆ ಅಕಾಗಿ ದೇವರ ಗುಡಿ. ಬೆಟ್ಟವೇ ದೇವರು ಎಂದು ನಡೆದುಕೊಳ್ಳುವ ಪದ್ಧತಿ ಗುಡಿಗಿಂತಲೂ ಹಳೆಯದು. ನಮ್ಮ ಕಥೆಗಳಲ್ಲಿ ಕೊಪ್ಪರಿಗೆ ಕಾಯುವುದು ಸರ್ಪ. ಇಲ್ಲಿ ದೇವರೇ ಜರಿಹುಳುವಿನ ರೂಪ ತಾಳಿ ಹಾವಿನ ಮೇಲೆ ಯುದ್ಧಕ್ಕೆ ಹೋದ ಕಥೆಯಿದೆ. ಪಕ್ಕದ ನಿಕ್ಕೊ ಬೆಟ್ಟದ ದೇವರು ಹಾವಾಗಿ ಬಂದು, ಒಂದು ಸರೋವರಕ್ಕಾಗಿ ಇಬ್ಬರೂ ಕಾದಾಡಿ, ಅಕಾಗಿ ದೇವರು ಗಾಯಗೊಂಡು ಮನೆಗೆ ಮರಳಿದನಂತೆ. ಇದು ನಿಕ್ಕೊದವರು ಹೇಳುವ ಕಥೆ, ಗೆದ್ದವರೂ ಅವರೇ. ತೊಕುಗಾವಾ ವಂಶದ ಮೂಲಪುರುಷ ಇಯೆಯಾಸು ದೇವರಾಗಿ ಪೂಜೆಗೊಳ್ಳುತ್ತಿರುವುದು ಅದೇ ನಿಕ್ಕೊದಲ್ಲಿ. ಅವನ ಮನೆತನದ ಚಿನ್ನ ಮಾತ್ರ ಎದುರಾಳಿ ದೇವರ ಬೆಟ್ಟಕ್ಕೆ ಬಂತು ಎನ್ನುತ್ತದೆ ದಂತಕಥೆ.

1868ರ ಮೇ ತಿಂಗಳಲ್ಲಿ ಶೋಗನ್ನರ ಎದೊ ಕೋಟೆ, ಅಂದರೆ ಇಂದಿನ ಟೋಕಿಯೋದ ಅರಮನೆಯಿರುವ ಜಾಗ, ಯುದ್ಧವಿಲ್ಲದೆ ಚಕ್ರವರ್ತಿಯ ಪಡೆಯ ಕೈಸೇರಿತು. ಹೊಸ ಸರ್ಕಾರದ ಹತ್ತಿರ ಸೈನ್ಯಕ್ಕೆ ಸಂಬಳ ಕೊಡಲೂ ಹಣವಿರಲಿಲ್ಲ. ಎರಡೂವರೆ ಶತಮಾನ ಆಳಿದವರ ಖಜಾನೆಯ ಮೇಲೇ ಅವರ ಕಣ್ಣು. ತೆರೆದು ನೋಡಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಾಗಾದರೆ ಎಲ್ಲಿ ಹೋಯಿತು? ಉತ್ತರ ಹುಡುಕಿದವರ ಬೆರಳು ಒಬ್ಬನ ಕಡೆ ತಿರುಗಿತು. ಶೋಗನ್ನನ ಹಣಕಾಸು ನೋಡಿಕೊಂಡಿದ್ದ ಒಗುರಿ ತದಾಮಸಾ.

ಒಗುರಿಗೆ ಖಜಾನೆ ಯಾಕೆ ಖಾಲಿಯಾಯಿತು ಎಂಬುದು ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಜಪಾನಿನೊಳಗೆ ಒಂದು ತೂಕ ಚಿನ್ನಕ್ಕೆ ಸುಮಾರು 5 ತೂಕ ಬೆಳ್ಳಿ, ಹೊರಜಗತ್ತಿನಲ್ಲಿ 15. ಹಡಗಿನಿಂದಿಳಿದ ವ್ಯಾಪಾರಿ ನಾಲ್ಕು ಮೆಕ್ಸಿಕನ್ ಬೆಳ್ಳಿ ಡಾಲರ್ ಕೊಟ್ಟರೆ ತೂಕಕ್ಕೆ ತೂಕ ಎಂಬ ಒಪ್ಪಂದದಂತೆ ಅವನಿಗೆ ‘ಇಚಿಬು’ ಎಂಬ 12 ಬೆಳ್ಳಿ ನಾಣ್ಯ ಸಿಗುತ್ತಿದ್ದವು. ಊರೊಳಗೆ ನಾಲ್ಕು ಇಚಿಬುಗೆ ಒಂದು ಕೋಬಾನ್, ಅಂದರೆ ಒಂದು ರ್ಯೋ ಬೆಲೆಯ, ಮೊಟ್ಟೆಯಾಕಾರದ ತೆಳು ಚಿನ್ನದ ಬಿಲ್ಲೆ. 12 ಇಚಿಬುಗೆ ಮೂರು ಬಿಲ್ಲೆ. ಆ ಮೂರನ್ನು ಶಾಂಘೈಗೆ ಒಯ್ದರೆ ಹೆಚ್ಚುಕಡಿಮೆ 12 ಡಾಲರ್. ನಾಲ್ಕು ಹನ್ನೆರಡಾಯಿತು! ರೇಷ್ಮೆ, ಚಹಾ ಯಾವುದನ್ನೂ ಮುಟ್ಟಬೇಕಿರಲಿಲ್ಲ. ಹಡಗಿನ ಅಧಿಕಾರಿಗಳು, ದೂತಾವಾಸದವರು ಕೂಡ ಈ ಚಿನಿವಾರಿಕೆಗೆ ಇಳಿದರು.

1860ರಲ್ಲಿ ಶೋಗನ್ನನ ನಿಯೋಗ ಅಮೆರಿಕಕ್ಕೆ ಹೋದಾಗ ಅದರಲ್ಲಿ ಒಗುರಿ ಇದ್ದ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅವನು ಮಾಡಿದ ಕೆಲಸ ಅಲ್ಲಿಯ ಪತ್ರಿಕೆಗಳಿಗೂ ಸುದ್ದಿಯಾಯಿತು. ತಾವೇ ತಂದ ತಕ್ಕಡಿ, ಲೆಕ್ಕದ ಮಣಿಚೌಕಟ್ಟು ಮುಂದಿಟ್ಟುಕೊಂಡು ಕುಳಿತ ಜಪಾನಿಯರು ಕೋಬಾನನ್ನೂ ಅಮೆರಿಕದ ಚಿನ್ನದ ಡಾಲರನ್ನೂ ಕರಗಿಸಿ, ಎರಡರಲ್ಲೂ ಚಿನ್ನ ಎಷ್ಟು, ಬೆರಕೆ ಎಷ್ಟು ಎಂದು ಪರೀಕ್ಷಿಸಿ ತೋರಿಸಿ ಎಂದು ಹಟ ಹಿಡಿದರು. ಮೂಲೆಯ ಒಂದು ಚೂರನ್ನು ಒರೆಗೆ ಹಚ್ಚಿದರೆ ಸಾಕೆಂದು ಅವರು ಒಪ್ಪಲಿಲ್ಲ, ಇಡೀ ನಾಣ್ಯವೇ ಪರೀಕ್ಷೆಯಾಗಬೇಕು. ಲೆಕ್ಕ ಅವರ ಪರವಾಗಿಯೇ ಬಂತು. ಆದರೆ ಒಪ್ಪಂದ ಬದಲಾಗಲಿಲ್ಲ.

ಅದೇ ವರ್ಷ ಶೋಗನ್ ಸರ್ಕಾರ ತನ್ನದೇ ಮದ್ದು ಹುಡುಕಿತು. ಕೋಬಾನಿನ ತೂಕವನ್ನು ಹಿಂದಿದ್ದ 11 ಗ್ರಾಂ ಚಿಲ್ಲರೆಯಿಂದ ಸುಮಾರು 3.3 ಗ್ರಾಮಿಗೆ ಇಳಿಸಿತು. ಚಿನ್ನ ಹೊರಹೋಗುವುದೇನೋ ನಿಂತಿತು, ಅಷ್ಟರೊಳಗೆ ಎಷ್ಟು ಹೋಗಿತ್ತು ಎಂಬುದರಲ್ಲಿ ಇತಿಹಾಸಕಾರರ ಲೆಕ್ಕ ಇಂದಿಗೂ ಒಂದಾಗಿಲ್ಲ. ಜನಕ್ಕೆ ಹೆಚ್ಚು ತಟ್ಟಿದ್ದು ಮದ್ದಿನ ಬಿಸಿ. ಹಣ ಹಗುರಾಯಿತು, ಅಕ್ಕಿಯ ಬೆಲೆ ಏರಿತು.

ಮೇಲಿಂದ ಮೇಲೆ ದಂಡ ಬೇರೆ. 1862ರಲ್ಲಿ ನಮಾಮುಗಿ ಎಂಬಲ್ಲಿ ಸಮುರಾಯಿಗಳು ಒಬ್ಬ ಇಂಗ್ಲಿಷ್ ವ್ಯಾಪಾರಿಯನ್ನು ಕಡಿದು ಹಾಕಿದ್ದಕ್ಕೆ ಬ್ರಿಟನ್ನಿಗೆ 1 ಲಕ್ಷ ಪೌಂಡ್ ಕಟ್ಟಬೇಕಾಯಿತು. ಶಿಮೊನೊಸೆಕಿ ಜಲಸಂಧಿಯಲ್ಲಿ ಚೋಶೂ ಪಾಳೆಯಗಾರರು ವಿದೇಶಿ ಹಡಗುಗಳ ಮೇಲೆ ಗುಂಡು ಹಾರಿಸಿದ್ದಕ್ಕೆ 1864ರಲ್ಲಿ ವಿಧಿಸಿದ ದಂಡ 30 ಲಕ್ಷ ಡಾಲರ್. ತಪ್ಪು ಅವರದು, ಅರ್ಧ ತೆತ್ತದ್ದು ಶೋಗನ್. ಅದೇ ಚೋಶೂ ಮೇಲೆ ಎರಡು ಸಲ ದಂಡೆತ್ತಿ ಹೋದ ಖರ್ಚೂ ಸೇರಿತು. ಇದೆಲ್ಲದರ ನಡುವೆ ಒಗುರಿ ಹಟ ಹಿಡಿದು 1865ರಲ್ಲಿ ಯೊಕೊಸುಕಾದಲ್ಲಿ ಹಡಗುಕಟ್ಟೆ ಕೆಲಸ ಶುರು ಮಾಡಿಸಿದ. ಅಂದಾಜು ವೆಚ್ಚ 24 ಲಕ್ಷ ಡಾಲರ್, ಮೇಲುಸ್ತುವಾರಿ ಫ್ರಾನ್ಸಿನ ಎಂಜಿನಿಯರ್ ವೆರ್ನಿಯದು. ಮುಳುಗುತ್ತಿರುವ ಸರ್ಕಾರಕ್ಕೆ ಇದು ಬೇಕೇ ಎಂದವರಿಗೆ ಒಗುರಿ ಕೊಟ್ಟನೆಂಬ ಉತ್ತರ ಇನ್ನೂ ಜನರ ಬಾಯಲ್ಲಿದೆ: ಮನೆ ಮಾರಲೇಬೇಕಾಗಿ ಬಂದರೆ ಉಗ್ರಾಣ ಸಮೇತ ಮಾರಿದ ಹೆಸರಾದರೂ ಉಳಿಯಲಿ. ಆ ಕಾರ್ಖಾನೆಗೆ ತರಿಸಿದ ಡಚ್ ಹಬೆ ಸುತ್ತಿಗೆಗಳಲ್ಲಿ ಮೂರು ಟನ್ನಿನದು 1997ರವರೆಗೂ ಕಬ್ಬಿಣ ಬಡಿಯಿತು. ಯೊಕೊಸುಕಾದ ವೆರ್ನಿ ಸ್ಮಾರಕದಲ್ಲಿ ಅದನ್ನು ಇಂದೂ ನೋಡಬಹುದು.

1868ರ ಆರಂಭದಲ್ಲಿ ಕೊನೆಯ ಶೋಗನ್ ಯೊಶಿನೊಬು ಕ್ಯೋಟೊ ಹತ್ತಿರ ಸೋತು ಎದೊಗೆ ಓಡಿಬಂದ. ಇನ್ನೂ ಯುದ್ಧ ಮಾಡೋಣ ಎಂದ ಒಗುರಿಯನ್ನು ಕೆಲಸದಿಂದ ತೆಗೆದ. ಒಗುರಿ ಹೆಂಡತಿ, ತಾಯಿಯೊಡನೆ ತನ್ನ ಜಹಗೀರಿನ ಗೊಂದಾ ಹಳ್ಳಿಗೆ ಹೊರಟ. ಈಗಿನ ತಕಾಸಾಕಿ ನಗರಕ್ಕೆ ಸೇರಿದ ಊರು ಅದು. ಮೂಟೆ, ಪೆಟ್ಟಿಗೆಗಳ ಸಾಲು ಹಳ್ಳಿ ಹಳ್ಳಿ ದಾಟಿ ಬಂದರೆ ನೋಡಿದವರು ಏನಂದುಕೊಂಡಾರು? ಖಜಾನೆಯ ಯಜಮಾನ ಖಜಾನೆಯನ್ನೇ ತಂದ ಎಂಬ ಮಾತು ಹಬ್ಬಿತು. ಬಂದು ನಾಲ್ಕನೇ ದಿನಕ್ಕೇ ದೊಡ್ಡ ದೊಂಬಿಯೊಂದು ಊರ ಮೇಲೆ ನುಗ್ಗಿತು. ಒಗುರಿಯ ಬಂದೂಕಿನವರು ಅದನ್ನು ಓಡಿಸಿದರು. ಅವನಲ್ಲಿ ತೋಪು, ಬಂದೂಕುಗಳಿವೆ ಎಂಬುದೇ ನೆಪವಾಗಿ ಹೊಸ ಸರ್ಕಾರದ ಪಡೆ ಬಂತು. ಮೇ 27ರಂದು, ವಿಚಾರಣೆಯೂ ಇಲ್ಲದೆ, ಕರಾಸು ಹೊಳೆಯ ದಂಡೆಯಲ್ಲಿ ಅವನ ತಲೆ ಕಡಿದರು. ಅಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ‘ಅಪರಾಧವಿಲ್ಲದೆ ಇಲ್ಲಿ ಕಡಿಯಲ್ಪಟ್ಟ’ ಎಂದು ಕೆತ್ತಿದ್ದಾರೆ.

ಸತ್ತವನು ಎಲ್ಲಿಟ್ಟೆ ಎಂದು ಹೇಳುವುದಿಲ್ಲ, ಎಲ್ಲೂ ಇಟ್ಟಿಲ್ಲ ಎಂದೂ ಹೇಳುವುದಿಲ್ಲ. ನಿಧಿಯ ಕಥೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಡ. ಆದರೆ ಭೂಪಟ ಬಿಚ್ಚಿ ನೋಡಿ. ಗೊಂದಾ ಇರುವುದು ಹರುನಾ ಬೆಟ್ಟದ ಪಶ್ಚಿಮಕ್ಕೆ. ಅಕಾಗಿ ಇರುವುದು ಹರುನಾ ದಾಟಿ, ತೊನೆ ನದಿಯನ್ನೂ ದಾಟಿ, ಪೂರ್ವಕ್ಕೆ. ಕಥೆ ಅಷ್ಟು ದೂರ ನಡೆದು ಬಂದದ್ದು ಮಿಜುನೊ ಎಂಬ ಮನೆತನದ ಮೂಲಕ. ಶೋಗನ್ನನ ಹಣಕಾಸು ಇಲಾಖೆಯಲ್ಲಿದ್ದ ಒಬ್ಬ ಹಿರಿಯ ಸಾಯುವ ಮುನ್ನ ಗುಟ್ಟು ಬಿಟ್ಟುಕೊಟ್ಟ, ಬೆಟ್ಟದ ಬುಡದಲ್ಲಿ 36 ಲಕ್ಷ ರ್ಯೋ ಹೂತಿದೆ ಎಂಬುದು ಅವರ ಮನೆಯ ನಂಬಿಕೆ. 1890ರಲ್ಲಿ ಬಾವಿಯ ಹತ್ತಿರ ಇಯೆಯಾಸುವಿನ ಚಿನ್ನದ ಪುಟ್ಟ ವಿಗ್ರಹ ಸಿಕ್ಕಿತು ಎಂದರು. ಅಷ್ಟು ಸಾಕಾಯಿತು, ಮೂರು ತಲೆಮಾರು ಅಗೆದರು.

36 ಲಕ್ಷ ರ್ಯೋ ಅಂದರೆ ಎಷ್ಟು ಭಾರ? 1860ರ ಹಗುರ ಕೋಬಾನಿನಲ್ಲೇ ಎಣಿಸಿದರೂ ಸುಮಾರು 12 ಟನ್, ಹಳೆಯ ಕೋಬಾನಾದರೆ 40 ಟನ್. ಒಂದು ಹೇರುಕುದುರೆ 140 ಕಿಲೋ ಹೊರುತ್ತದೆ ಎಂದಿಟ್ಟುಕೊಂಡರೆ ಕಡಿಮೆಯೆಂದರೂ 85 ಕುದುರೆ ಬೇಕು. ಹೆಚ್ಚೆಂದರೆ 290 ಹತ್ತಿರ. ಕುದುರೆಗೊಬ್ಬ ಆಳು, ಅವರಿಗೆ ಊಟ, ಕುದುರೆಗೆ ಹುಲ್ಲು, ಆಮೇಲೆ ಗುಂಡಿ ತೋಡುವವರು. ಇಷ್ಟು ಜನರಲ್ಲಿ ಒಬ್ಬನೂ ಹೆಂಡದಂಗಡಿಯಲ್ಲಿ ಬಾಯಿ ಬಿಡಲಿಲ್ಲ ಎಂದು ನಂಬುವುದು ಚಿನ್ನವಿದೆ ಎಂದು ನಂಬುವುದಕ್ಕಿಂತ ಕಷ್ಟ.

1990ರ ದಶಕದ ಆರಂಭದಲ್ಲಿ ಟಿಬಿಎಸ್ ಟೀವಿ ವಾಹಿನಿ ಕ್ಯಾಮೆರಾ, ಜೆಸಿಬಿಯಂಥ ಭಾರಿ ಯಂತ್ರಗಳನ್ನು ತಂದು ಸಂಚಿಕೆ ಸಂಚಿಕೆಯಾಗಿ ಅಗೆಯಿತು. ಮುಂದಾಳು ಜಾಹೀರಾತು ಬರಹಗಾರ ಇತೊಯ್ ಶಿಗೆಸಾತೊ. ಮನುಷ್ಯರು ತೋಡಿದ ಗುಂಡಿಯ ಗುರುತುಗಳು ಸಿಕ್ಕವು. ಚಿನ್ನ ಸಿಗಲಿಲ್ಲ. ನೂರು ವರ್ಷ ನಿಧಿಗಾಗಿ ತೋಡಿದ ಬೆಟ್ಟದಲ್ಲಿ ಗುಂಡಿ ಸಿಗದೆ ಇನ್ನೇನು ಸಿಗಬೇಕು? ಹಿಂದಿನವನ ಗುಂಡಿ ಮುಂದಿನವನಿಗೆ ಪುರಾವೆ.

ಜಪಾನಿನಲ್ಲಿ ಇಂಥ ಬೆಟ್ಟ ಅಕಾಗಿ ಒಂದೇ ಅಲ್ಲ. ಶಿಕೊಕು ದ್ವೀಪದ 1,955 ಮೀಟರಿನ ತ್ಸುರುಗಿ, ಅಂದರೆ ಖಡ್ಗ ಬೆಟ್ಟ, ತಪಸ್ಸಿಗೆ ಹೋಗುವ ಯಮಬುಶಿ ಎಂಬ ಬೆಟ್ಟದ ಸಾಧಕರ ಜಾಗ. ಅಲ್ಲಿ ಯೆಹೂದಿ ದೊರೆ ಸೊಲೊಮೋನನ ನಿಧಿ, ಬೈಬಲಿನ ಒಡಂಬಡಿಕೆಯ ಪೆಟ್ಟಿಗೆ ಇದೆಯೆಂದು ತಕಾನೆ ಮಸಾನೊರಿ ಎಂಬ ಶಾಲಾ ಮುಖ್ಯೋಪಾಧ್ಯಾಯ 1936ರಲ್ಲಿ ಅಗೆಯಲು ಶುರುಮಾಡಿದ. ಯುದ್ಧದ ನಂತರ ನೌಕಾಪಡೆಯ ನಿವೃತ್ತ ಅಡ್ಮಿರಲ್ ಯಮಾಮೊಟೊ ಎಯ್ಸುಕೆ ಕೂಡ ಅಗೆದ. ಪರ್ಲ್ ಹಾರ್ಬರ್ ದಾಳಿ ಯೋಜಿಸಿದ ಯಮಾಮೊಟೊ ಅಲ್ಲ, ಇವನು ಬೇರೆ. 1964ರಲ್ಲಿ ಅದು ಸಂರಕ್ಷಿತ ಉದ್ಯಾನವಾದ ಮೇಲೆ ಗುದ್ದಲಿಗೆ ತಡೆ ಬಿತ್ತು. ನನಗೆ ತಮಾಷೆ ಎನಿಸುವುದು ಇದು: ಮಕ್ಕಳು ಒಬ್ಬನ ಕಣ್ಣು ಮುಚ್ಚಿಸಿ ಸುತ್ತ ತಿರುಗುತ್ತ ಹಾಡುವ ಪದವೊಂದಿದೆ, ಅದರಲ್ಲಿ ಕೊಕ್ಕರೆಯೂ ಆಮೆಯೂ ಜಾರಿ ಬೀಳುತ್ತವೆ. ಸೊಲೊಮೋನನ ನಿಧಿ ಹುಡುಕುವವರಿಗೂ ತೊಕುಗಾವಾ ಚಿನ್ನ ಹುಡುಕುವವರಿಗೂ ಗುಟ್ಟಿನ ಸಂಕೇತ ಅದೇ ಹಾಡಂತೆ. ಬೀಗ ಎರಡು, ಕೀಲಿ ಒಂದೇ.

ಹಾಗೆಂದು ಜಪಾನಿನ ನೆಲದಲ್ಲಿ ಚಿನ್ನ ಸಿಕ್ಕೇ ಇಲ್ಲವೆಂದಲ್ಲ. 1963ರಲ್ಲಿ ಟೋಕಿಯೋದ ಶಿಂಕಾವಾದಲ್ಲಿ ಕಟ್ಟಡದ ಪಾಯ ತೋಡುತ್ತಿದ್ದ ಕೂಲಿಗಳಿಗೆ 1,900 ಕೋಬಾನ್, ಸುಮಾರು 78,000 ಸಣ್ಣ ಚಿನ್ನದ ನಾಣ್ಯ ಸಿಕ್ಕವು. ಹಿಂದೆ ಅಲ್ಲಿ ‘ಸಾಕೆ’ ಎಂಬ ಅಕ್ಕಿ ಮದ್ಯದ ವ್ಯಾಪಾರಿಯೊಬ್ಬನ ಮನೆಯಿತ್ತು. ಹಣ ಅವನ ವಂಶದವರಿಗೆ ಹೋಯಿತು. ಅಲ್ಲಿ ಚಿನ್ನವಿದೆ ಎಂದು ಅದುವರೆಗೆ ಯಾರೂ ಹುಡುಕುತ್ತಿರಲಿಲ್ಲ.