ಹಸ್ತಾ ನಕ್ಷತ್ರದಾಗಿನ ಎರಡು ಬಾಲ: ಖರೇ ಅದಾವೋ, ಕಂಪ್ಯೂಟರ್ ಮಾಡಿದ್ದೋ?

ಹೋದ ಮಾರ್ಚ್‌ನಾಗ ಬಸವನ ಬಾಗೇವಾಡಿ ಕಡೆ ನಮ್ಮ ಕಾಕಾರ ಹೊಲದಾಗ ಮೂರು ರಾತ್ರಿ ಕುಂತು ತಗದ ಗ್ಯಾಲಕ್ಸಿ ಬಾಲದ ಫೋಟೋ ತೋರಿಸಿದೆ, ಕಾಕಾ ಕನ್ನಡಕ ಸರಿ ಮಾಡ್ಕೊಂಡು ನೋಡಿ ಮೊದಲ ಕೇಳಿದ್ದ "ತಮ್ಮಾ, ಇದು ಖರೇ ಐತೋ ನಿನ್ನ ಕಂಪ್ಯೂಟರ್ ಮಾಡಿದ್ದೋ?" ಸಿಟ್ಟ ಬಂತು. ಆಮ್ಯಾಲ ಇದರ ಹಿಂದಿನ ಕತಿ ಓದಕೋತ ಹೋದಂಗ ಅನಸ್ತು, ಕಾಕಾ ಕೇಳಿದ್ದು ಭಾಳ ಹಳೇ ಪ್ರಶ್ನೆ, ದೂರ್ಬೀನು ಇಟ್ಟಕೊಂಡ ದೊಡ್ಡ ದೊಡ್ಡ ಮಂದಿನೂ ಇದ ಬಾಲದ ಸಲವಾಗಿ ವರ್ಷಗಟ್ಟಲೆ ಜಗಳಾಡ್ಯಾರ.

ಫೋಟೋದಾಗ ಇದ್ದದ್ದು ಆಂಟೆನಾ ಗ್ಯಾಲಕ್ಸಿ, ಖಗೋಳದವ್ರ ಪಟ್ಟಿಯಾಗ ಎನ್‌ಜಿಸಿ 4038 ಮತ್ತ 4039, ಎರಡು ಗ್ಯಾಲಕ್ಸಿ ಒಂದರಾಗ ಒಂದ ಹೊಕ್ಕು ಕಲಸಿ ಹೋಗ್ಯಾವು, ಎರಡೂ ಕಡೆ ಮಿಡತಿ ಮೀಸಿ ಹಂಗ ಉದ್ದ ಬಾಲ ಹೊರಗ ಚಾಚ್ಯಾವು. ವಿಲಿಯಂ ಹರ್ಷಲ್ 1785ರಾಗ ಇದನ್ನ ಕಂಡಿದ್ರು. ನಮ್ಮವರಿಗೆ ಜಾಗಾ ಹೇಳೂದು ಸುಲಭ, ಹಸ್ತಾ ನಕ್ಷತ್ರದ ಸನೇಕ ಐತಿ. ಉತ್ತರಿ, ಹಸ್ತಾ, ಚಿತ್ತಿ ಅಂತ ಮಳಿ ಲೆಕ್ಕಾ ಹಾಕ್ತೀವಲ್ಲ, ಅದ ಹಸ್ತಾ. ಮಜಾ ಏನಂದ್ರ ಹಸ್ತಾ ಮಳಿ ಬರೂದು ಸೂರ್ಯ ಆ ನಕ್ಷತ್ರದಾಗ ಇದ್ದಾಗ, ಅಂದ್ರ ಸೆಪ್ಟೆಂಬರ್ ಕೊನಿಗೆ, ಆಗ ಅದು ಹಗಲಿನ ಬೆಳಕಿನ್ಯಾಗ ಮುಚ್ಚಿರ್ತೈತಿ, ಕಣ್ಣಿಗೆ ಬೀಳೂದ ಇಲ್ಲ. ಆರು ತಿಂಗಳು ಬಿಟ್ಟು, ಹಿಂಗಾರಿ ಜ್ವಾಳ ಕೊಯ್ದು ಮುಗಿಯೂ ಹೊತ್ತಿಗೆ, ನಡು ರಾತ್ರಿಗೆ ನೆತ್ತಿ ಕಡೆ ಬಂದು ನಿಂದರ್ತೈತಿ. ವಿಜಯಪುರದಿಂದ ನೋಡಿದ್ರ ಆಂಟೆನಾ ಸುಮಾರು 54 ಡಿಗ್ರಿ ಎತ್ತರಕ್ಕ ಏರ್ತೈತಿ, ಅದ ಲಂಡನ್‌ದಾಗ ಇದ್ದವ್ರಿಗೆ 20 ಡಿಗ್ರಿ ದಾಟೂದಿಲ್ಲ, ಕೆಳಗಿನ ಮಬ್ಬಿನ್ಯಾಗ ಹೋಗಿಬಿಡ್ತೈತಿ. ಇಷ್ಟ ಒಳ್ಳೆ ಸೀಟು ನಮಗ ಪುಕ್ಕಟೆ ಸಿಕ್ಕೈತಿ.

ಕತಿ ಶುರು ಆಗೂದು ಕೈಲೆ ಬರದ ಚಿತ್ರದಿಂದ. 1845ರಾಗ ಐರ್ಲೆಂಡಿನ ಲಾರ್ಡ್ ರಾಸ್ ಅನ್ನಾವ್ರು ತಮ್ಮ ಕೋಟಿಯ ಅಂಗಳದಾಗ ಕಟ್ಟಿಸಿದ 72 ಇಂಚಿನ ದೂರ್ಬೀನಿನ್ಯಾಗ ಎಂ51 ನೋಡಿ ಸುರುಳಿ ಬರದ್ರು. ಸಪ್ತರ್ಷಿ ಮಂಡಲದ ಬಾಲದ ತುದಿಗೆ ಮರೀಚಿ ಐತಲ್ಲ, ಅದರ ಹತ್ರ ಇರೂ ಗ್ಯಾಲಕ್ಸಿ ಇದು, ಪಕ್ಕಕ್ಕ ಒಂದ ಸಣ್ಣ ಗ್ಯಾಲಕ್ಸಿ ಜೋತು ಬಿದ್ದೈತಿ. ಆದ್ರ ಕೈಚಿತ್ರ ಅಂದ್ರ ಬರದವನ ಕಣ್ಣಿನ ಮ್ಯಾಲ ನಂಬಿಕಿ, ಒಬ್ಬಾವ ಸುರುಳಿ ಅಂದ್ರ ಇನ್ನೊಬ್ಬಾವ ನನಗೇನೂ ಕಾಣವಲ್ದು ಅಂತಾನ. ಈ ಜಗಳ ಕಡಿಮಿ ಮಾಡಿದ್ದು ಫೋಟೋ, ಅದೂ ಒಬ್ಬ ಹವ್ಯಾಸಿ ಕಡಿಂದ. ಐಸಾಕ್ ರಾಬರ್ಟ್ಸ್ ಲಿವರ್‌ಪೂಲಿನ ಕಟ್ಟಡದ ಕಾಂಟ್ರಾಕ್ಟರ್, ರೊಕ್ಕಾ ಗಳಿಸಿ ಆಕಾಶದ ಹುಚ್ಚು ಹಚಗೊಂಡಾವ್ರು. 1888ರ ಡಿಸೆಂಬರ್‌ದಾಗ 20 ಇಂಚಿನ ದೂರ್ಬೀನಿಗೆ ಫೋಟೋ ಮೂಡೂ ಗಾಜಿನ ಪ್ಲೇಟ್ ಹಚ್ಚಿ ಆಂಡ್ರೊಮೆಡಾ ಅನ್ನೂ ಮಬ್ಬು ಬೆಳಕಿನ ಫೋಟೋ ತಗದ್ರು, ಅದರಾಗ ಉಂಗುರದಂಗ ಸುತ್ತಿದ ಕೈ ಸ್ಪಷ್ಟ ಕಂಡ್ವು. ರಾಬರ್ಟ್ಸ್ ಮಾತ್ರ ಅದನ್ನ ಹೊಸಾ ಸೌರಮಂಡಲ ಹುಟ್ಟಾಕತ್ತೈತಿ ಅಂತ ತಿಳಕೊಂಡ್ರು. ಫೋಟೋ ಖರೇ, ಅರ್ಥ ತಪ್ಪು. ಅದು ನಮ್ಮ ಗ್ಯಾಲಕ್ಸಿಯ ಹೊರಗಿನ ಇನ್ನೊಂದು ಗ್ಯಾಲಕ್ಸಿ ಅಂತ ಪಕ್ಕಾ ಆಗಲಿಕ್ಕೆ 1923ರಾಗ ಅಮೆರಿಕಾದ ಖಗೋಳಶಾಸ್ತ್ರಜ್ಞ ಎಡ್ವಿನ್ ಹಬಲ್ ಅದರಾಗ ಬೆಳಕು ಹೆಚ್ಚು ಕಡಿಮಿ ಆಗಕೋತ ಬಡಕೊಳ್ಳೋ ನಕ್ಷತ್ರ ಹುಡುಕಿ ದೂರ ಲೆಕ್ಕಾ ಹಾಕೂ ತನಕ ಕಾಯಬೇಕಾತು.

ಬಾಲದ ಜಗಳ ಇನ್ನೂ ಮುಂದಿಂದು. ಪ್ಲೇಟಿನ್ಯಾಗ ಗ್ಯಾಲಕ್ಸಿ ಜೋಡಿಗಳ ನಡುವ ಸೇತುವಿ, ಹಿಂದ ಬಾಲ ಕಾಣಾಕತ್ತವು. ಇದು ಏನು? ಒಂದಕ್ಕೊಂದು ಹತ್ರ ಹಾದು ಹೋಗುವಾಗ ಗುರುತ್ವದ ಎಳತಕ್ಕ ಹಿಂಗ ಆಗ್ತೈತೇನು? ಲೆಕ್ಕಾ ಮಾಡೋಣ ಅಂದ್ರ ಕಂಪ್ಯೂಟರ್ ಇಲ್ಲ. ಅದಕ್ಕ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ 1941ರಾಗ ಮಾಡಿದ್ದು ನೋಡ್ರಿ, ಓದಿದಾಗೆಲ್ಲಾ ನಗು ಬರ್ತೈತಿ ನನಗ: ಬೆಳಕೂ ಗುರುತ್ವನೂ ದೂರ ಹೋದಂಗ ಒಂದ ನಮೂನಿ ಕಡಿಮಿ ಆಗ್ತಾವು, ದೂರ ಎರಡ ಪಟ್ಟ ಆದ್ರ ನಾಕನೇ ಒಂದ ಪಾಲಷ್ಟ ಉಳಿತೈತಿ, ಹಂಗಾದ್ರ ನಕ್ಷತ್ರದ ಬದಲಿ ಬಲ್ಬ್ ಇಡೋಣ ಅಂದ್ರು. ಒಂದ ಗ್ಯಾಲಕ್ಸಿಗೆ 37, ಎರಡಕ್ಕ ಕೂಡಿ 74 ಬಲ್ಬ್ ಟೇಬಲ್ ಮ್ಯಾಲ ಹೂಡಿ, ಒಂದೊಂದು ಬಲ್ಬಿನ ಜಾಗಾದಾಗ ಎಷ್ಟ ಬೆಳಕು ಬೀಳ್ತೈತಿ ಅಂತ ಫೋಟೋಸೆಲ್‌ಲೆ ಅಳದು, ಅದ ಲೆಕ್ಕದಾಗ ಬಲ್ಬ್ ಸರಿಸಿ, ಮತ್ತ ಅಳದು, ಮತ್ತ ಸರಿಸಿ. ಆಕಾರ ಕೆಡೂದು ಖರೇನ ಕಂಡಬಂತು.

ಆದ್ರೂ ಭಾಳ ಮಂದಿ ಒಪ್ಪಲಿಲ್ಲ. ಇಷ್ಟ ಸಣ್ಣ, ಇಷ್ಟ ಉದ್ದ ಬಾಲ ಬರೇ ಎಳತಕ್ಕ ಹೆಂಗ ಬರ್ತಾವು, ಕಾಂತಕ್ಷೇತ್ರ ಇರಬೇಕು ಅನ್ನೋರೂ ಇದ್ರು. ಅಮೆರಿಕಾದ ಖಗೋಳಶಾಸ್ತ್ರಜ್ಞ ಹಾಲ್ಟನ್ ಆರ್ಪ್ 1966ರಾಗ ಇಂಥಾ ವಿಚಿತ್ರ ಗ್ಯಾಲಕ್ಸಿಗಳ 338 ಫೋಟೋ ಕೂಡಿಸಿ ಅಟ್ಲಾಸ್ ತಂದ್ರು, ಎಂ51 ಅದರಾಗ ಆರ್ಪ್ 85, ಆಂಟೆನಾ ಆರ್ಪ್ 244. ಇವತ್ತಿಗೂ ಈ ಹುಚ್ಚಿನವ್ರು "ಈ ಸೀಸನ್ನಿಗೆ ನಂದ ನಾಕ ಆರ್ಪ್ ಆದ್ವು" ಅಂತ ಮಾತಾಡೂದು ಇದ ನಂಬರಿನ್ಯಾಗ. ಕೊನಿಗೆ 1972ರಾಗ ಅಲಾರ್ ಮತ್ತ ಯೂರಿ ಟೂಮ್ರೆ ಅಣ್ಣತಮ್ಮ ಕೂಡಿ ಕಂಪ್ಯೂಟರಿನ್ಯಾಗ ನಕ್ಷತ್ರದ ಬದಲಿ ಚುಕ್ಕಿ ಓಡಿಸಿ, ಎಂ51, ಆಂಟೆನಾ ಎರಡರ ಬಾಲನೂ ಬರೇ ಗುರುತ್ವದಿಂದ ಮೂಡಿಸಿ ತೋರಿಸಿದ್ರು. ಅಂದ್ರ ಕಾಕಾ, ಬಾಲ ಖರೇ ಅಂತ ಜಗಳ ಮುಗಿಸಿದ್ದ ಕಂಪ್ಯೂಟರ್!

ಗ್ಯಾಲಕ್ಸಿ ಒಂದರಾಗ ಒಂದ ಹೊಕ್ಕರೂ ಅವುಗಳ ನಕ್ಷತ್ರಗಳು ಡಿಕ್ಕಿ ಹೊಡಿಯೂದಿಲ್ಲ ಅನ್ನೂದೂ ಕಾಕಾರಿಗೆ ನಂಬಸೂದು ಕಷ್ಟ ಆತು. ಸೂರ್ಯ ಒಂದ ಜ್ವಾಳದ ಕಾಳು ಅಂತ ತಿಳ್ಕೊಂಡು ಇಲ್ಲೇ ಗೋಳಗುಮ್ಮಟದ ಮುಂದ ಇಟ್ರ, ಹತ್ರದ ಇನ್ನೊಂದು ಕಾಳು ಸೊಲ್ಲಾಪುರ ದಾಟಿ ಆಚಿಗೆ ಬೀಳ್ತೈತಿ. ಅಷ್ಟ ಖಾಲಿ ಜಾಗಾ. ಬಡದಾಡೂದು ಗ್ಯಾಸು, ಅದು ಒತ್ತಿ ಹೊಸಾ ನಕ್ಷತ್ರ ಹುಟ್ಟತಾವು, ಫೋಟೋದಾಗ ಕಾಣೂ ಗುಲಾಬಿ ಚುಕ್ಕಿ ಅವು.

ಹವ್ಯಾಸಿಗಳ ಪಾಡು ಫಿಲ್ಮ್ ಕಾಲದಾಗ ನಾಯಿ ಪಾಡು. ಮಂದ ಬೆಳಕಿಗೆ ಫಿಲ್ಮ್ ಹೊತ್ತು ಹೋದಂಗ ಸುಸ್ತಾಗ್ತಿತ್ತು, ಅದಕ್ಕ ಹೈಡ್ರೋಜನ್ ಬೆರತ ಗ್ಯಾಸಿನ್ಯಾಗ ಬಿಸಿ ಮಾಡಿ ಹುರುಪು ಕೊಡತಿದ್ರು, ತಾಸಗಟ್ಟಲೆ ಐಪೀಸಿಗೆ ಕಣ್ಣ ಹಚ್ಚಿ ಕೈಲೆ ಗೈಡಿಂಗ್, ಅಂದ್ರ ದೂರ್ಬೀನು ನಕ್ಷತ್ರದ ಹಿಂದ ಹಿಂದ ಸರಿಸೂದು, ಮಾಡತಿದ್ರು. ಫಿಲ್ಮ್ ಬದಲಿ ಚಿಪ್ ಇರೂ ಸಿಸಿಡಿ ಕ್ಯಾಮೆರಾ ಬಂದ ಮ್ಯಾಲ, ಈಗ ಸಿಮಾಸ್ ಕ್ಯಾಮೆರಾ ಬಂದ ಮ್ಯಾಲ, ಆಟನ ಬದಲಾತು. ಸಣ್ಣ ಸಣ್ಣ ಎಕ್ಸ್‌ಪೋಶರ್ ನೂರಾರು ತಗದು ಸ್ಟ್ಯಾಕ್ ಮಾಡೂದು, ಅಂದ್ರ ಒಂದರ ಮ್ಯಾಲ ಒಂದ ಇಟ್ಟು ಕೂಡಿಸೂದು. ಗ್ಯಾಲಕ್ಸಿ ಪ್ರತಿ ಫ್ರೇಮಿನ್ಯಾಗೂ ಅಲ್ಲೇ ಇರ್ತೈತಿ, ನಾಯ್ಸ್ ಅನ್ನೂ ಕಾಳು ಕಾಳು ಕಲಿ ಒಂದೊಂದರಾಗ ಒಂದೊಂದು ಕಡೆ ಬೀಳ್ತೈತಿ, ಹಿಂಗಾಗಿ 100 ಫ್ರೇಮ್ ಕೂಡಿಸಿದ್ರ ಚಿತ್ರ ಹತ್ತು ಪಟ್ಟು ಸ್ವಚ್ಛ. ಇಪ್ಪತ್ತು ಪಟ್ಟು ಬೇಕಂದ್ರ 400 ಫ್ರೇಮ್ ಬೇಕು, ಇಲ್ಲೇ ನೋಡ್ರಿ ನಿದ್ದಿ ಹೋಗೂದು.

ಇದರಾಗ ಸಣ್ಣ ದೂರ್ಬೀನಿಗೆ ಒಂದ ಲಾಭ ಐತಿ. ಹಬಲ್ ದೂರ್ಬೀನಿನ ಪ್ರಸಿದ್ಧ ಆಂಟೆನಾ ಫೋಟೋದಾಗ ಬಾಲನ ಇಲ್ಲ, ಅದರ ಕಣ್ಣು ಭಾಳ ಸಣ್ಣ ಜಾಗಾ ನೋಡ್ತೈತಿ, ನಡುವಿನ ಗುದ್ದಾಟ ಅಷ್ಟ ಸಿಗ್ತೈತಿ. ಪೂರಾ ಬಾಲ ಒಂದ ಫ್ರೇಮಿನ್ಯಾಗ ಬೇಕಂದ್ರ ನಮ್ಮಂಥಾವ್ರ ಸಣ್ಣ ಲೆನ್ಸ್ ಬೇಕು. ದೊಡ್ಡ ದೂರ್ಬೀನು ಒಂದ ಗ್ಯಾಲಕ್ಸಿಗೆ ರಾತ್ರಿಗಟ್ಟಲೆ ಟೈಮ್ ಕೊಡೂದೂ ಇಲ್ಲ. ಇದನ್ನ ತಿಳಕೊಂಡ ಸ್ಪೇನಿನ ಖಗೋಳಶಾಸ್ತ್ರಜ್ಞ ಡೇವಿಡ್ ಮಾರ್ಟಿನೆಜ್-ಡೆಲ್ಗಾಡೊ, ಅಮೆರಿಕಾದ ಹವ್ಯಾಸಿ ಜೇ ಗಾಬನಿ ಅವರಂಥಾವ್ರನ್ನ ಕೂಡಿಕೊಂಡು ಹತ್ರದ ಗ್ಯಾಲಕ್ಸಿಗಳ ಸುತ್ತ ಹರದು ಹೋದ ನಕ್ಷತ್ರದ ಹೊಳಿ ಹುಡುಕಿ 2010ರಾಗ ಪೇಪರ್ ತಂದ್ರು.

ನಮ್ಮ ಕಡೆ ತ್ರಾಸೇನು ಅಂದ್ರ, ಧ್ರುವ ನಕ್ಷತ್ರ 17 ಡಿಗ್ರಿ ಅಷ್ಟ ಮ್ಯಾಲ, ಪೋಲಾರ್ ಅಲೈನ್‌ಮೆಂಟ್, ಅಂದ್ರ ದೂರ್ಬೀನು ಹೊರೂ ಮೌಂಟನ್ನ ಧ್ರುವದ ಕಡೆ ಹೊಂದಸೂದು, ಮಾಡೋಣ ಅಂದ್ರ ಅದು ಯಾವದೋ ಊರಿನ ಹೈಮಾಸ್ಟ್ ದೀಪದ ಬೆಳಕಿನ್ಯಾಗ ಮುಳಗಿರ್ತೈತಿ, ಮೌಂಟ್ ಇಷ್ಟ ಕೆಳಗ ಬಗ್ಗಿಸಿದ್ರ ವೇಟ್ ರಾಡು ಟ್ರೈಪಾಡ್ ಕಾಲಿಗೆ ಬಡಿತೈತಿ. ಚಳಿಗಾಲದಾಗ ಆಕಾಶ ತಿಳಿ ಇರ್ತೈತಿ ಅಂತ ಖುಷಿ ಪಟ್ರ ಸಕ್ಕರಿ ಫ್ಯಾಕ್ಟರಿ ಸೀಸನ್ ಹೊಗಿ. ಮೊದಲೆಲ್ಲಾ ರಾತ್ರಿ ಕರೆಂಟ್ ಹೋದ್ರ ಬೈತಿದ್ದೆ, ಈಗ ಕೈ ಮುಗಿತೀನಿ.

ಈಗ ಎಐ ನಾಯ್ಸ್ ತಗಿಯೂ ಟೂಲ್ ಬಂದ ಮ್ಯಾಲ ಕಾಕಾರ ಪ್ರಶ್ನೆ ವಾಪಸ್ ಬಂದೈತಿ, ನನ್ನ ಕೇಳಿದ್ರ ಅದು ನ್ಯಾಯನ ಐತಿ. ಆ ಟೂಲ್ ಜೋರ್ ಓಡಿಸಿದ್ರ ಇಲ್ಲದ ಎಳಿ ಮೂಡತಾವು, ಫ್ಲ್ಯಾಟ್, ಅಂದ್ರ ಧೂಳಿನ ಕಲಿ ಕಳಿಯಾಕ ತಗಿಯೂ ಬರೇ ಬೆಳಕಿನ ಫೋಟೋ, ಸರಿ ತಗೀಲಿಲ್ಲಂದ್ರ ಸೆನ್ಸರ್ ಮ್ಯಾಲಿನ ಧೂಳನ ಬಾಲ ಆಗ್ತೈತಿ, ಅದೆಲ್ಲಾ ಸರಿ ಇದ್ರೂ ಕೆಲವು ಕಡೆ ನಮ್ಮ ಆಕಾಶಗಂಗೆಯ ತೆಳು ಧೂಳಿನ ಮೋಡ ಗ್ಯಾಲಕ್ಸಿ ಬಾಲದಂಗ ಕಾಣ್ತೈತಿ. ಅದಕ್ಕ ನಾ ಮಾಡೂದು ಇಷ್ಟ: ಫ್ರೇಮ್‌ಗಳನ್ನ ಎರಡ ಪಾಲ ಮಾಡಿ ಬ್ಯಾರೆ ಬ್ಯಾರೆ ಸ್ಟ್ಯಾಕ್ ಮಾಡ್ತೀನಿ, ಕಪ್ಪು ಬಿಳಿ ಉಲ್ಟಾ ಮಾಡಿ ನೋಡ್ತೀನಿ, ಎರಡರಾಗೂ ಅಲ್ಲೇ ಇದ್ರ ಒಪ್ಕೋತೀನಿ.

ಮಾರ್ಚ್‌ದ ಫೋಟೋದಾಗ ಹಂಗ ನೋಡಿದಾಗ ಒಂದ ಬಾಲ ಎರಡೂ ಪಾಲಿನ್ಯಾಗ ಬಂತು, ಇನ್ನೊಂದು ಒಂದರಾಗಷ್ಟ, ಅದೂ ಅರ್ಧಾ. ಕಾಕಾರಿಗೆ ಹಂಗ ಹೇಳಿದೆ. "ಹಂಗಾರ ಒಂದ ಬಾಲ ಖರೇ" ಅಂದ್ರು, ಆಮ್ಯಾಲ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಮ್ಯಾಲ ರಾತ್ರಿಡೀ ಉರಿಯೂ ಎಲ್‌ಇಡಿ ಬಲ್ಬಿನ ಕಡೆ ನೋಡಿ ಇದನ್ನ ಆರಿಸಿದ್ರ ಎರಡನೇದ್ದೂ ಬರ್ತೈತೇನು ಅಂತ ಕೇಳಿದ್ರು.